ಎನ್‌ರೋಲ್ ಆದ ಮೇಲೆ: ಆನ್‌ಲೈನ್ ಕಲಿಕೆಯಲ್ಲಿ ನಂಬಿಕೆ ಮತ್ತು ಛಲ

ಪ್ರತಿ ಸೆಮಿಸ್ಟರ್ ಶುರುವಾದಾಗ ನಮ್ಮ ಕ್ಲಾಸ್ ಗ್ರೂಪ್‌ಗಳಲ್ಲಿ ಒಂದು ಲಿಂಕ್ ಓಡಾಡುತ್ತೆ. ಯಾವುದೋ ಎನ್‌ಪಿಟೆಲ್ ಕೋರ್ಸ್, ಇಲ್ಲ ಕೋರ್ಸೆರಾದ ಪೈಥಾನ್ ಕೋರ್ಸ್, ಇಲ್ಲ ಯಾರೋ ಸೀನಿಯರ್ ಹೇಳಿದ ಮೆಷಿನ್ ಲರ್ನಿಂಗ್ ಕೋರ್ಸ್. ಸೇರೋಕೆ ಪ್ರವೇಶ ಪರೀಕ್ಷೆ ಇಲ್ಲ, ಬಹಳಷ್ಟು ಸಲ ದುಡ್ಡೂ ಬೇಡ, ಎರಡು ನಿಮಿಷ ಸಾಕು. ಹಾಗಾಗಿ ಎಲ್ಲರೂ ಸೇರ್ತೀವಿ. ಮೊದಲ ವಾರ ಹೊಸ ನೋಟ್‌ಬುಕ್ ತೆಗೆದು ದುಂಡಗಿನ ಅಕ್ಷರದಲ್ಲಿ ನೋಟ್ಸ್ ಬರೀತೀವಿ. ಎರಡನೇ ವಾರ ವಿಡಿಯೋನ ಒಂದೂವರೆ ಪಟ್ಟು ವೇಗದಲ್ಲಿ ಓಡಿಸ್ತೀವಿ. ಇಂಟರ್ನಲ್ಸ್ ಬಂತು ಅಂದ್ರೆ ಕಥೆ ಮುಗೀತು. ಇದಕ್ಕೆ ನಮ್ಮ ಹಿರಿಯರು ಆರಂಭಶೂರತ್ವ ಅಂತ ಚೆಂದದ ಹೆಸರು ಇಟ್ಟಿದ್ದಾರೆ.

ಒಂದು ಕೋರ್ಸ್ ಬಿಟ್ಟರೆ ಆಕಾಶವೇನೂ ಕಳಚಿ ಬೀಳಲ್ಲ. ಆದರೆ ಬಿಟ್ಟ ಮೇಲೆ ನಮ್ಮ ಬಗ್ಗೆ ನಾವೇ ಒಂದು ತೀರ್ಪು ಕೊಟ್ಕೋತೀವಲ್ಲ, 'ಇದು ನನ್ನ ಕೈಲಿ ಆಗೋದಲ್ಲ' ಅಂತ, ನಿಜವಾದ ನಷ್ಟ ಅಲ್ಲಿದೆ. ಮುಂದಿನ ಕೋರ್ಸ್‌ಗೆ ಸೇರುವಾಗ ಆ ತೀರ್ಪೂ ನಮ್ಮ ಜೊತೆಗೇ ಬಂದು ಕೂರುತ್ತೆ. 'ನನ್ನಿಂದ ಆಗುತ್ತೆ' ಎಂಬ ನಂಬಿಕೆ ಎಲ್ಲಿಂದ ಬರುತ್ತೆ, ಪಟ್ಟು ಹಿಡಿದು ಮುಗಿಸುವ ಛಲಕ್ಕೂ ಅದಕ್ಕೂ ಏನು ಸಂಬಂಧ, ಎರಡನ್ನೂ ಬೆಳೆಸಿಕೊಳ್ಳೋದು ಹೇಗೆ ಅನ್ನೋದನ್ನು ಈ ಲೇಖನದಲ್ಲಿ ನೋಡೋಣ.

ಲೆಕ್ಕ ಏನು ಹೇಳುತ್ತೆ?

2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಕೋರ್ಸ್ ಒಂದನ್ನು ಉಚಿತವಾಗಿ ಆನ್‌ಲೈನ್‌ನಲ್ಲಿ ತೆರೆದರು. ಸುಮಾರು 1.6 ಲಕ್ಷ ಜನ ಸೇರಿದರು, 20 ಸಾವಿರಕ್ಕೂ ಹೆಚ್ಚು ಜನ ಮುಗಿಸಿದರು. 2012ರಲ್ಲಿ ಎಂಐಟಿಯಿಂದ 'ಸರ್ಕ್ಯೂಟ್ಸ್ ಅಂಡ್ ಎಲೆಕ್ಟ್ರಾನಿಕ್ಸ್' ಕೋರ್ಸ್ ಬಂತು. ಅದನ್ನು ಮುನ್ನಡೆಸಿದ ಪ್ರೊಫೆಸರ್ ಅನಂತ್ ಅಗರ್ವಾಲ್ ನಮ್ಮ ಮಂಗಳೂರಿನಲ್ಲಿ ಬೆಳೆದವರು. ಮುಂದೆ ಎಡೆಕ್ಸ್ ಸಂಸ್ಥೆಯನ್ನು ನಡೆಸಿದವರೂ ಅವರೇ. ಆ ಕೋರ್ಸ್‌ಗೆ ಸೇರಿದವರು ಸುಮಾರು 1.55 ಲಕ್ಷ, ಪಾಸಾದವರು 7,157. ನೂರಕ್ಕೆ ಐದು ಜನಕ್ಕಿಂತ ಕಡಿಮೆ.

ಮುಂದಿನ ವರ್ಷಗಳಲ್ಲಾದರೂ ಸುಧಾರಿಸಿತಾ? ಎಂಐಟಿ ಮತ್ತು ಹಾರ್ವರ್ಡ್‌ನ ಆನ್‌ಲೈನ್ ಕೋರ್ಸ್‌ಗಳ ಲೆಕ್ಕ ಹಾಕಿ ಜಸ್ಟಿನ್ ರೀಚ್ ಮತ್ತು ಅವರ ಸಹಸಂಶೋಧಕರು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. 2017-18ರಲ್ಲಿ ಕೋರ್ಸ್ ಮುಗಿಸಿದವರು ನೂರಕ್ಕೆ ಸುಮಾರು 3 ಜನ ಮಾತ್ರ. ಹೆಸರು ನೋಂದಾಯಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾಠದ ಪುಟವನ್ನು ಒಂದು ಸಲವೂ ತೆರೆದಿರಲಿಲ್ಲ. ಆದರೆ ಹಣ ಕಟ್ಟಿ ಸರ್ಟಿಫಿಕೇಟ್‌ಗಾಗಿ ಸೇರಿದವರಲ್ಲಿ ನೂರಕ್ಕೆ 46 ಜನ ಮುಗಿಸಿದ್ದರು.

ಈ ಕೊನೆಯ ಅಂಕಿಯನ್ನು ಸ್ವಲ್ಪ ಹುಷಾರಾಗಿ ಓದಬೇಕು. ದುಡ್ಡು ಕಟ್ಟಿದ್ದಕ್ಕೇ ಛಲ ಬಂತು ಅಂತ ಹೇಳೋಕಾಗಲ್ಲ. ಮುಗಿಸಲೇಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡವರೇ ದುಡ್ಡು ಕಟ್ಟಿರಬಹುದು. ಸುಮ್ಮನೆ ಇಣುಕಿ ನೋಡೋಕೆ ಬಂದವರನ್ನೂ ಸೋತವರ ಪಟ್ಟಿಗೆ ಸೇರಿಸೋದು ನ್ಯಾಯವಲ್ಲ. ಇಷ್ಟೆಲ್ಲ ರಿಯಾಯಿತಿ ಕೊಟ್ಟ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಮುಗಿಸಬೇಕು ಅಂತ ನಿಜವಾಗಿ ಬಯಸಿ, ದುಡ್ಡೂ ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾಕೆ ನಡುವೆಯೇ ನಿಂತರು?

'ನನ್ನಿಂದ ಆಗುತ್ತೆ' ಅನ್ನೋದು ಎಲ್ಲಿಂದ ಬರುತ್ತೆ?

ಕೆನಡಾದಲ್ಲಿ ಹುಟ್ಟಿ ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಮಾಡಿದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಒಂದು ಪ್ರಬಂಧ ಬರೆದರು. ಅದರಲ್ಲಿ ಅವರು ವಿವರಿಸಿದ್ದು ಸೆಲ್ಫ್ ಎಫಿಕಸಿ ಎಂಬ ಪರಿಕಲ್ಪನೆಯನ್ನು. ಕನ್ನಡದಲ್ಲಿ ಇದನ್ನು 'ಸ್ವಸಾಮರ್ಥ್ಯದ ನಂಬಿಕೆ' ಅನ್ನಬಹುದು. ನಾವು ದಿನಾ ಆಡುವ ಆತ್ಮವಿಶ್ವಾಸ ಎಂಬ ಮಾತಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಆತ್ಮವಿಶ್ವಾಸ ಅಂದರೆ ಒಟ್ಟಾರೆ ಧೈರ್ಯ. ಸ್ವಸಾಮರ್ಥ್ಯದ ನಂಬಿಕೆ ಒಂದು ನಿರ್ದಿಷ್ಟ ಕೆಲಸಕ್ಕೆ ಅಂಟಿಕೊಂಡಿರುತ್ತೆ. ಫೆಸ್ಟ್‌ನಲ್ಲಿ ಸಾವಿರ ಜನರ ಮುಂದೆ ಹೆದರದೆ ನಿರೂಪಣೆ ಮಾಡುವ ಹುಡುಗಿಗೆ ಫೋರಿಯರ್ ಸರಣಿ ಕಂಡರೆ ಕೈಕಾಲು ನಡುಗಬಹುದು. ಅವಳಿಗೆ ಧೈರ್ಯದ ಕೊರತೆ ಇದೆ ಅಂತ ಯಾರೂ ಹೇಳಲ್ಲ. ಆ ಒಂದು ಕೆಲಸದಲ್ಲಿ ನಂಬಿಕೆ ಇನ್ನೂ ಹುಟ್ಟಿಲ್ಲ, ಅಷ್ಟೇ.

ಈ ನಂಬಿಕೆ ನಾಲ್ಕು ಕಡೆಯಿಂದ ಬರುತ್ತೆ ಅಂತಾರೆ ಬಂಡೂರ. ಮೊದಲನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು, ಸ್ವತಃ ಮಾಡಿ ಗೆದ್ದ ಅನುಭವ. ಎರಡನೆಯದು, ನಮ್ಮಂಥವರೇ ಇನ್ನೊಬ್ಬರು ಮಾಡಿದ್ದನ್ನು ನೋಡೋದು. ಮೂರನೆಯದು, ನಾವು ನಂಬುವವರು 'ನಿನ್ನಿಂದ ಆಗುತ್ತೆ ಕಣೋ' ಅಂತ ಹೇಳೋದು. ನಾಲ್ಕನೆಯದು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ನಿದ್ದೆಗೆಟ್ಟು ತಲೆ ಸಿಡೀತಿರುವಾಗ ಸುಲಭದ ಲೆಕ್ಕವೂ ಬೆಟ್ಟದ ಹಾಗೆ ಕಾಣುತ್ತೆ.

ಈಗ ಕ್ಲಾಸ್‌ರೂಮ್‌ನ್ನೂ ಆನ್‌ಲೈನ್ ಕೋರ್ಸನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕ್ಲಾಸ್‌ನಲ್ಲಿ ಪಕ್ಕದ ಬೆಂಚಿನವನಿಗೂ ಅರ್ಥ ಆಗಿಲ್ಲ ಅಂತ ಅವನ ಮುಖ ನೋಡಿದರೇ ಗೊತ್ತಾಗುತ್ತೆ. ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಲ್ಯಾಬ್ ಅಸಿಸ್ಟೆಂಟ್ ಬಂದು 'ಗ್ರೌಂಡ್ ಸರಿಯಾಗಿ ಕೊಟ್ಟಿದೀಯಾ ನೋಡು' ಅಂತಾರೆ. ಮೇಡಂ ಒಂದು ಸಲ ತಲೆಯಾಡಿಸಿದರೂ ಸಾಕು, ದಾರಿ ಸರಿ ಇದೆ ಅಂತ ಸಮಾಧಾನ. ಆನ್‌ಲೈನ್‌ನಲ್ಲಿ ಇದು ಯಾವುದೂ ತಾನಾಗಿ ಸಿಗಲ್ಲ. ಹಾಸ್ಟೆಲ್ ರೂಮಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತವನಿಗೆ ಅರ್ಥ ಆಗದೇ ಇದ್ದಾಗ, ಇಡೀ ಲೋಕದಲ್ಲಿ ತನ್ನೊಬ್ಬನಿಗೇ ಅರ್ಥ ಆಗ್ತಿಲ್ಲ ಅನ್ನಿಸುತ್ತೆ. ಈ ಕೋರ್ಸ್‌ಗಳನ್ನು ಮೂಕ್ ಅಂತ ಕರೀತಾರೆ. ಕನ್ನಡದ ಕಿವಿಗೆ ಆ ಹೆಸರು ಒಂಥರಾ ಸರಿಯಾಗೇ ಕೇಳಿಸುತ್ತೆ. ಹುಷಾರು ತಪ್ಪಿದರೆ ಮೂಕ್ ನಮ್ಮನ್ನು ಮೂಕಪ್ರೇಕ್ಷಕರನ್ನಾಗಿ ಮಾಡಿಬಿಡುತ್ತೆ.

ಛಲ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತೆ?

2007ರಲ್ಲಿ ಏಂಜೆಲಾ ಡಕ್‌ವರ್ತ್ ಮತ್ತು ಸಂಗಡಿಗರು ಗ್ರಿಟ್ ಎಂಬ ಗುಣದ ಬಗ್ಗೆ ಸಂಶೋಧನೆ ಪ್ರಕಟಿಸಿದರು. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕಠಿಣವಾದ ಮೊದಲ ಬೇಸಿಗೆ ತರಬೇತಿಯಲ್ಲಿ ಯಾರು ಉಳೀತಾರೆ, ಯಾರು ಬಿಟ್ಟು ಹೋಗ್ತಾರೆ ಅನ್ನೋದೂ ಅದರಲ್ಲಿತ್ತು. ಅವರ ಪ್ರಕಾರ ಗ್ರಿಟ್‌ನಲ್ಲಿ ಎರಡು ಭಾಗ: ಒಂದು, ಕಷ್ಟ ಬಂದರೂ ಪ್ರಯತ್ನ ಬಿಡದಿರೋದು. ಇನ್ನೊಂದು, ಆಸಕ್ತಿಯನ್ನು ವರ್ಷಗಟ್ಟಲೆ ಒಂದೇ ಗುರಿಯ ಮೇಲೆ ಇಡೋದು.

ಆಮೇಲೆ ಇದಕ್ಕೆ ವಿಮರ್ಶೆಯೂ ಬಂತು. 2017ರಲ್ಲಿ ಮಾರ್ಕಸ್ ಕ್ರೆಡೆ ಮತ್ತು ಸಂಗಡಿಗರು 88 ಮಾದರಿಗಳ, 66 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಸೇರಿಸಿ ನೋಡಿದರು. ಗ್ರಿಟ್ ಅನ್ನೋದು ಶ್ರದ್ಧೆ, ಶಿಸ್ತು ಅಂತ ಮೊದಲಿನಿಂದ ಕರೀತಿದ್ದ ಗುಣಕ್ಕಿಂತ ಬಹಳ ಬೇರೆಯೇನಲ್ಲ ಅನ್ನೋದು ಅವರಿಗೆ ಕಂಡಿತು. ಎರಡು ಭಾಗಗಳಲ್ಲಿ ಫಲಿತಾಂಶಕ್ಕೆ ಹೆಚ್ಚು ಹತ್ತಿರವಾಗಿದ್ದದ್ದು ಪ್ರಯತ್ನ ಬಿಡದಿರುವ ಭಾಗ. ನಮ್ಮ ವಯಸ್ಸಿನವರಿಗೆ ಇದು ಸಮಾಧಾನದ ಸುದ್ದಿ. ಎರಡನೇ ವರ್ಷದಲ್ಲೇ ಜೀವನದ ಗುರಿ ಗೊತ್ತಿಲ್ಲ ಅಂತ ಕೊರಗಬೇಕಿಲ್ಲ. ಈ ವಾರದ ಅಸೈನ್‌ಮೆಂಟ್ ಬಿಡದಿದ್ದರೆ ಸದ್ಯಕ್ಕೆ ಸಾಕು.

ನಂಬಿಕೆ, ಛಲ: ಯಾವುದು ಮೊದಲು?

ಒಂದು ಕೆಲಸಕ್ಕೆ ನಾವು ಎಷ್ಟು ಶ್ರಮ ಹಾಕ್ತೀವಿ, ಅಡ್ಡಿ ಬಂದಾಗ ಎಷ್ಟು ಹೊತ್ತು ತಡ್ಕೋತೀವಿ ಅನ್ನೋದನ್ನು ಸ್ವಸಾಮರ್ಥ್ಯದ ನಂಬಿಕೆ ನಿರ್ಧರಿಸುತ್ತೆ ಅಂತ ಬಂಡೂರ 1977ರಲ್ಲೇ ಹೇಳಿದ್ದರು. ಅಂದರೆ ನಂಬಿಕೆಯಿಂದ ಛಲ. ಆದರೆ ನಂಬಿಕೆಯ ಮೊದಲ ಮೂಲ ಯಾವುದು? ಮಾಡಿ ಗೆದ್ದ ಅನುಭವ. ಅದು ಬರೋದು ಬಿಡದೆ ಮಾಡಿದರೆ ಮಾತ್ರ. ಅಂದರೆ ಛಲದಿಂದ ನಂಬಿಕೆ.

ಇಂಜಿನಿಯರಿಂಗ್ ಭಾಷೆಯಲ್ಲಿ ಇದು ಪಾಸಿಟಿವ್ ಫೀಡ್‌ಬ್ಯಾಕ್. ಔಟ್‌ಪುಟ್‌ನ ಒಂದು ಪಾಲು ವಾಪಸ್ ಬಂದು ಇನ್‌ಪುಟ್‌ಗೆ ಸೇರುತ್ತೆ. ಪಾಸಿಟಿವ್ ಅಂದ ಮಾತ್ರಕ್ಕೆ ಒಳ್ಳೆಯದೇ ಅಂತ ಅಲ್ಲ ಅನ್ನೋದು ನಮಗೆ ಗೊತ್ತು. ಫೆಸ್ಟ್‌ನಲ್ಲಿ ಮೈಕ್ ಹಿಡಿದು ಸ್ಪೀಕರ್ ಮುಂದೆ ಹೋದರೆ ಕುಂಯ್ ಅಂತ ಕಿವಿ ಕಿತ್ತು ಹೋಗೋ ಹಾಗೆ ಕೂಗೋದು ಇದೇ ಕಾರಣಕ್ಕೆ. ಯಾವ ಕಡೆ ವಾಲಿದ್ದೀವೋ ಆ ಕಡೆಗೇ ಇನ್ನಷ್ಟು ತಳ್ಳೋದು ಅದರ ಸ್ವಭಾವ. ಒಂದು ಅಸೈನ್‌ಮೆಂಟ್ ಮುಗಿದರೆ ನಂಬಿಕೆ ಸ್ವಲ್ಪ ಏರುತ್ತೆ, ಮುಂದಿನದಕ್ಕೆ ಇನ್ನೂ ಹತ್ತು ನಿಮಿಷ ಹೆಚ್ಚು ಕೂರ್ತೀವಿ. ಒಂದು ತಪ್ಪಿದರೆ ನಂಬಿಕೆ ಇಳಿಯುತ್ತೆ, ಮುಂದಿನದನ್ನು ತೆರೆಯೋಕೂ ಮನಸ್ಸು ಬರಲ್ಲ. ಹಾಗಾಗಿ 'ಮೊದಲು ಆತ್ಮವಿಶ್ವಾಸ ಬರಲಿ, ಆಮೇಲೆ ಶುರು ಮಾಡ್ತೀನಿ' ಅಂತ ಕಾಯೋದರಲ್ಲಿ ಅರ್ಥ ಇಲ್ಲ. ನೀರಿಗಿಳಿಯದೆ ಈಜು ಬರಲ್ಲ. ನಂಬಿಕೆ ಅನ್ನೋದು ಮಾಡಿ ಮುಗಿಸಿದ ಸಣ್ಣ ಸಣ್ಣ ಕೆಲಸಗಳ ಉಳಿತಾಯ.

ಬಂಡೂರ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಸುಲಭದ ಗೆಲುವನ್ನೇ ಕಂಡವರು ಬೇಗ ಫಲ ನಿರೀಕ್ಷಿಸ್ತಾರೆ, ಮೊದಲ ಸೋಲಿಗೇ ಕುಗ್ಗಿ ಹೋಗ್ತಾರೆ. ಪಿಯುಸಿಯಲ್ಲಿ 95 ಪರ್ಸೆಂಟ್ ತೆಗೆದು ಬಂದ ನಮ್ಮಲ್ಲಿ ಎಷ್ಟೋ ಜನ ಮೊದಲ ಸೆಮಿಸ್ಟರ್‌ನ ಒಂದು ಬ್ಯಾಕ್‌ಲಾಗ್‌ಗೆ ಕಂಗಾಲಾಗೋದು ಯಾಕೆ ಅಂತ ಈಗ ಅರ್ಥ ಆಗಿರಬೇಕು.

ಸುಳ್ಳು ನಂಬಿಕೆಯೂ ಇದೆ

ನಂಬಿಕೆ ಹೆಚ್ಚಾದಷ್ಟೂ ಒಳ್ಳೆಯದಾ? ಇಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿನಿಂದ ಬರೆಯಿತು. 5 ನಿಮಿಷದ ನಂತರ ಪರೀಕ್ಷೆ ಕೊಟ್ಟಾಗ ಓದಿದ ಗುಂಪೇ ಮುಂದಿತ್ತು: 83 ಪರ್ಸೆಂಟ್ ನೆನಪು, ಇನ್ನೊಂದು ಗುಂಪಿಗೆ 71. ಒಂದು ವಾರ ಬಿಟ್ಟು ಕೊಟ್ಟಾಗ ಲೆಕ್ಕ ತಿರುಗಿತು. ಬರೆದ ಗುಂಪಿಗೆ 61, ಬರೀ ಓದಿದ ಗುಂಪಿಗೆ 40. ಹೆಚ್ಚು ನೆನಪಿರುತ್ತೆ ಅಂತ ಹೆಚ್ಚು ನಂಬಿದ್ದವರು ಯಾರು ಗೊತ್ತಾ? ನಾಲ್ಕೂ ಸಲ ಓದಿದವರು!

ವಿಡಿಯೋ ನೋಡುವಾಗ ನಮಗೆ ಆಗೋದೂ ಇದೇ. ಪಾಠ ಮಾಡುವವರು ಹಾಲು ಕುಡಿದ ಹಾಗೆ ಲೆಕ್ಕ ಬಿಡಿಸ್ತಾರೆ, ಅವರ ಸಲೀಸು ನಮ್ಮದೇ ಅನ್ನಿಸಿಬಿಡುತ್ತೆ. ಅಸೈನ್‌ಮೆಂಟ್ ತೆರೆದಾಗ ಪೆನ್ನು ಓಡಲ್ಲ. ಆಗ 'ಇಷ್ಟು ಸುಲಭದ್ದೂ ಬರ್ತಿಲ್ಲ, ನಾನು ದಡ್ಡ' ಅಂತ ಅಂದ್ಕೋತೀವಿ. ಎರಡೂ ತಪ್ಪು ಅಳತೆ. ಹತ್ತು ನಿಮಿಷಕ್ಕೊಮ್ಮೆ ವಿಡಿಯೋ ನಿಲ್ಲಿಸಿ, ಹಾಳೆ ಮುಚ್ಚಿ, ಈಗ ನೋಡಿದ್ದನ್ನು ಬರೆಯೋಕೆ ಪ್ರಯತ್ನ ಮಾಡಿ. ಬಂದಷ್ಟು ನಿಜವಾಗಿ ನಿಮ್ಮದು. ಅದರ ಮೇಲೆ ಕಟ್ಟಿದ ನಂಬಿಕೆ ಪರೀಕ್ಷೆಯ ದಿನ ಕೈ ಕೊಡಲ್ಲ.

ಒಂದು ಲೆಕ್ಕ ಮಾಡೋಣ

ಎನ್‌ಪಿಟೆಲ್ ನಮಗೆಲ್ಲ ಹತ್ತಿರದ ಉದಾಹರಣೆ. ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಯೋಜನೆ ಇದು. ಅದರ 12 ವಾರದ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟ್‌ಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. 12 ಅಸೈನ್‌ಮೆಂಟ್‌ಗಳಲ್ಲಿ ಚೆನ್ನಾಗಿ ಮಾಡಿದ 8ನ್ನು ಮಾತ್ರ ಲೆಕ್ಕಕ್ಕೆ ತಗೋತಾರೆ. ಸರ್ಟಿಫಿಕೇಟ್‌ಗೆ 25ರಲ್ಲಿ ಕನಿಷ್ಠ 10, 75ರಲ್ಲಿ ಕನಿಷ್ಠ 30 ಬೇಕು. ಪ್ರೋಗ್ರಾಮಿಂಗ್ ಇರುವ ಕೆಲವು ಕೋರ್ಸ್‌ಗಳಲ್ಲಿ ಲೆಕ್ಕ ಬೇರೆ ಇರುತ್ತೆ, ನಿಮ್ಮ ಕೋರ್ಸ್‌ನ ಪುಟ ನೋಡಿಕೊಳ್ಳಿ.

ಇಂಟರ್ನಲ್ಸ್, ಜ್ವರ, ಮನೆಯಲ್ಲಿ ಮದುವೆ ಅಂತ ಒಬ್ಬಳಿಗೆ 3, 4, 5ನೇ ವಾರದ ಅಸೈನ್‌ಮೆಂಟ್ ತಪ್ಪಿತು ಅಂದ್ಕೊಳ್ಳಿ. 'ಮೂರು ವಾರ ಹೋಯ್ತು, ಇನ್ನೇನಿದೆ' ಅಂತ ಬಿಡೋ ಜಾಗ ಇದೇ. ಆದರೆ ಇನ್ನೂ 9 ಅಸೈನ್‌ಮೆಂಟ್ ಉಳಿದಿವೆ, ಬೇಕಾದದ್ದು 8. ಇಲ್ಲಿಯವರೆಗೆ ಒಂದು ಅಂಕವೂ ಕೈತಪ್ಪಿಲ್ಲ. ಐದು ವಾರ ತಪ್ಪಿದರೂ ಉಳಿದ 7ರಲ್ಲಿ ತಲಾ 80 ಬಂದರೆ ಒಟ್ಟು 560. ಅದನ್ನು 8ರಿಂದ ಭಾಗಿಸಿದರೆ ಸರಾಸರಿ 70, ಅಂದರೆ 25ಕ್ಕೆ 17.5. ಬೇಕಾಗಿದ್ದದ್ದು 10. ತಪ್ಪಿದ ಪಾಠಗಳನ್ನು ಕೂತು ಓದಬೇಕು ನಿಜ, ಪರೀಕ್ಷೆಗೆ ಅವೂ ಬರುತ್ವೆ. ಆದರೆ ಬಾಗಿಲು ಮುಚ್ಚಿಲ್ಲ. 'ನನ್ನಿಂದ ಆಗಲ್ಲ' ಅಂತ ಮನಸ್ಸು ಹೇಳಿದಾಗ ಅದರ ಜೊತೆ ವಾದಕ್ಕೆ ಇಳಿಯೋದಕ್ಕಿಂತ ಪೆನ್ನು ತಗೊಂಡು ಲೆಕ್ಕ ಮಾಡೋದು ಮೇಲು.

ಏನು ಮಾಡಬಹುದು?

ಯೋಜನೆಗೆ ಸಮಯ, ಜಾಗ ಎರಡನ್ನೂ ಸೇರಿಸಿ. 'ಈ ವಾರ ಓದಬೇಕು' ಅನ್ನೋದು ಬರೀ ಆಸೆ. 'ಮಂಗಳವಾರ ರಾತ್ರಿ ಮೆಸ್‌ನಿಂದ ಊಟ ಮುಗಿಸಿ ಬಂದ ತಕ್ಷಣ ಲೈಬ್ರರಿಯ ರೀಡಿಂಗ್ ಹಾಲ್‌ನಲ್ಲಿ ಎರಡು ವಿಡಿಯೋ' ಅನ್ನೋದು ಯೋಜನೆ. ಹೀಗೆ 'ಇದಾದಾಗ ಅದನ್ನು ಮಾಡ್ತೀನಿ' ಅಂತ ಗಂಟು ಹಾಕಿಕೊಂಡರೆ ಕೆಲಸ ಆಗುವ ಸಾಧ್ಯತೆ ಹೆಚ್ಚು ಅನ್ನೋದನ್ನು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ತೋರಿಸಿಕೊಟ್ಟಿದ್ದಾರೆ.

ಯೋಜನೆಯನ್ನು ಪ್ರತಿ ವಾರ ಹೊಸದಾಗಿ ಮಾಡಿ. ಹಾರ್ವರ್ಡ್, ಎಂಐಟಿ, ಸ್ಟ್ಯಾನ್‌ಫರ್ಡ್‌ಗಳ ಸುಮಾರು 250 ಕೋರ್ಸ್‌ಗಳಲ್ಲಿ ಎರಡೂವರೆ ವರ್ಷ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಕೋರ್ಸ್‌ನ ಆರಂಭದಲ್ಲಿ ಯೋಜನೆ ಬರೆಸಿದರೆ ಮೊದಲ ಕೆಲವು ವಾರ ವಿದ್ಯಾರ್ಥಿಗಳು ಚುರುಕಾಗಿದ್ದರು, ಆದರೆ ಕೋರ್ಸ್ ಮುಗಿಸುವವರ ಸಂಖ್ಯೆ ಅದರಿಂದ ಹೆಚ್ಚಲಿಲ್ಲ. ಮೊದಲ ದಿನದ ಸಂಕಲ್ಪ ಹನ್ನೆರಡು ವಾರ ಬಾಳಲ್ಲ ಅಂತಾಯ್ತು.

ಒಬ್ಬರೇ ಕೂರಬೇಡಿ. ಒಂದೇ ಕೋರ್ಸ್‌ನ ಮೂರು ನಾಲ್ಕು ಜನ ವಾರಕ್ಕೊಮ್ಮೆ ಕ್ಯಾಂಟೀನ್‌ನಲ್ಲಿ ಸೇರಿದರೂ ಸಾಕು. ಬಂಡೂರ ಹೇಳಿದ ಎರಡನೇ, ಮೂರನೇ ಮೂಲಗಳು ಒಂದು ಕಾಫಿ ದುಡ್ಡಿಗೆ ಸಿಗುತ್ವೆ. ಟಾಪರ್ ಒಬ್ಬನನ್ನೇ ನೋಡಿ ಕಲಿಯೋಕೆ ಹೋಗಬೇಡಿ. ನಮ್ಮ ಹಾಗೇ ಒದ್ದಾಡಿ ದಾಟಿದವರನ್ನು ನೋಡಿದಾಗ ನಂಬಿಕೆ ಹೆಚ್ಚು ಬರುತ್ತೆ.

ಕನ್ನಡದಲ್ಲಿ ವಿವರಿಸಿ. ನಮ್ಮಲ್ಲಿ ಕೆಲವರು ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಆದರೆ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದ, ಕನ್ನಡ ಮೀಡಿಯಂನಲ್ಲಿ ಓದಿದ ಗೆಳೆಯರೂ ನಮ್ಮ ಜೊತೆ ಇದ್ದಾರೆ. ಅವರಿಗೆ ಒಂದು ವಿಡಿಯೋದಲ್ಲಿ ಎರಡು ಹೊರೆ: ವಿಷಯ ಒಂದು, ವೇಗದ ಇಂಗ್ಲಿಷ್ ಇನ್ನೊಂದು. ಭಾಷೆ ಅರ್ಥ ಆಗದ್ದನ್ನು ವಿಷಯವೇ ಬರಲ್ಲ ಅಂತ ತಪ್ಪು ತಿಳಿದು ಕೋರ್ಸ್ ಬಿಟ್ಟರೆ ಅದಕ್ಕಿಂತ ಅನ್ಯಾಯ ಇನ್ನೊಂದಿಲ್ಲ. ಎನ್‌ಪಿಟೆಲ್ ತನ್ನ ಹಲವು ಪಾಠಗಳನ್ನು ಕನ್ನಡಕ್ಕೂ ಅನುವಾದ ಮಾಡಿದೆ, ಹುಡುಕಿ ಬಳಸಿ. ಉಳಿದದ್ದಕ್ಕೆ ನಾವಿದ್ದೀವಿ. ರಿಕರ್ಶನ್ ಅಂದ್ರೇನು ಅಂತ ಕನ್ನಡದಲ್ಲಿ ಹೇಳೋಕೆ ಬಂದರೆ ಹೇಳಿದವರಿಗೂ ಅದು ನಿಜವಾಗಿ ಅರ್ಥ ಆಗಿದೆ ಅಂತ ಲೆಕ್ಕ.

ಬಿಟ್ಟವರೆಲ್ಲ ಛಲ ಇಲ್ಲದವರಲ್ಲ

ಕೊನೆಗೆ ಒಂದು ಮಾತು. ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನ್ ಇರುವವರು, ಕಾಲೇಜು ಮುಗಿಸಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಊರಿಗೆ ಹೋದರೆ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಬೇಕಾದವರು ನಮ್ಮ ನಡುವೆ ಇದ್ದಾರೆ. ಅವರಿಗೆ 'ನಿನ್ನ ಮೇಲೆ ನಿನಗೆ ನಂಬಿಕೆ ಇರಲಿ' ಅಂತ ಉಪದೇಶ ಮಾಡೋದು ಸುಲಭ, ಪ್ರಯೋಜನ ಕಡಿಮೆ. ಡೌನ್‌ಲೋಡ್ ಮಾಡಿದ ವಿಡಿಯೋ ಇರುವ ಒಂದು ಪೆನ್‌ಡ್ರೈವ್, ಸಂಜೆ ಎರಡು ಗಂಟೆ ತೆರೆದಿರುವ ಕಂಪ್ಯೂಟರ್ ಲ್ಯಾಬ್, ಪರೀಕ್ಷೆಯ ನೋಂದಣಿಗೆ ಬೇಕಾದ ದುಡ್ಡಿಗೆ ಒಂದು ದಾರಿ, ಇವು ಅವರ ನಂಬಿಕೆಯನ್ನು ನಿಜವಾಗಿ ಬೆಳೆಸುತ್ವೆ. ಹಾಗೆಯೇ, ನೋಡಿ, ತೂಗಿ, 'ಇದು ನನಗೆ ಈಗ ಬೇಡ' ಅಂತ ಒಂದು ಕೋರ್ಸ್ ಬಿಡೋದೂ ತಪ್ಪಲ್ಲ. 'ಬೇಡ' ಅಂತ ಬಿಡೋದಕ್ಕೂ 'ಆಗಲ್ಲ' ಅಂತ ಬಿಡೋದಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ಆಯ್ಕೆ. ಎರಡನೆಯದನ್ನು ಹೇಳುವ ಮುಂಚೆ ಒಂದು ಸಲ ಲೆಕ್ಕ ಹಾಕಿ, ಒಬ್ಬರನ್ನು ಕೇಳಿ, ಒಂದು ಪ್ರಶ್ನೆಯನ್ನಾದರೂ ಸ್ವತಃ ಬಿಡಿಸಿ ನೋಡಿ.

ಹನಿಗೂಡಿದರೆ ಹಳ್ಳ ಅಂತಾರಲ್ಲ, ಇಲ್ಲೂ ಹಾಗೇ. ಈ ವಾರ ನಿಮ್ಮ ಕೋರ್ಸ್‌ನ ಒಂದು ಅಸೈನ್‌ಮೆಂಟ್ ಬಾಕಿ ಇದ್ದರೆ ಇವತ್ತು ಅದರ ಮೊದಲ ಪ್ರಶ್ನೆಯನ್ನು ಮಾತ್ರ ಮಾಡಿ. ಎರಡನೆಯದು ತಾನಾಗಿ ಕೈಗೆ ಬರಬಹುದು. ಬರದಿದ್ದರೆ ಪಕ್ಕದ ರೂಮಿನ ಬಾಗಿಲು ತಟ್ಟಿ, ಅವರದ್ದೂ ಅದೇ ಪ್ರಶ್ನೆಯಲ್ಲಿ ನಿಂತಿರುತ್ತೆ.